ಹುಣ್ಣಿಮೆಗೆಂದು ಬಗ್ಗಿಸಿದ ಕಂಬಿ

ಆ ಕಂಬಿಯನ್ನು ಬಗ್ಗಿಸಿದ್ದು ನಾನು. ಸೈಕಲ್ಲು ಹಳ್ಳಕ್ಕೆ ಇಳಿದಾಗ ಅದು ತಾನಾಗಿ ಬಗ್ಗಿತು, ನಮ್ಮ ಅದೃಷ್ಟ ಚೆನ್ನಾಗಿತ್ತು ಎಂದು ನಮ್ಮ ಮನೆಯಲ್ಲಿ ಇಷ್ಟು ವರ್ಷವೂ ಹೇಳಿಕೊಂಡು ಬಂದಿದ್ದಾರೆ. ಮೊನ್ನೆ ನನ್ನ ಮಗಳು ತನ್ನ ಮಗಳಿಗೂ ಅದನ್ನೇ ಹೇಳಿ ನಕ್ಕಳು. ಅದು ತಾನಾಗಿ ಬಗ್ಗಲಿಲ್ಲ. ಹಿತ್ತಿಲಿನ ಒಗೆಯುವ ಕಲ್ಲಿನ ಅಂಚಿಗೆ ಒತ್ತಿ, ಹೆಬ್ಬೆರಳು ಕೆಂಪಾಗುವಷ್ಟು ಬಲ ಹಾಕಿ, ಎಷ್ಟು ಬೇಕೋ ಅಷ್ಟೇ ಬಗ್ಗಿಸಿದೆ. ಯಾಕೆ ಬಗ್ಗಿಸಬೇಕು ಎನ್ನುವುದೂ ಗೊತ್ತಿತ್ತು. ಆ ಮನೆಯಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೇ.

ಆಗ ನಾವು ಜಾಲಹಳ್ಳಿಯಲ್ಲಿ, ಯಂತ್ರಗಳನ್ನು ಮಾಡುವ ಒಂದು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ಗಂಡ ಅಲ್ಲಿ ಟರ್ನರ್, ಲೇತಿನ ಮೇಲೆ ಕಬ್ಬಿಣವನ್ನು ದುಂಡಗೆ ಕಡೆಯುವ ಕೆಲಸ. ಮನೆಯೆಂದರೆ ಒಂದು ರೂಮು, ಒಂದು ಅಡುಗೆಮನೆ, ಹಿಂದೆ ಒಂದು ಹಿಡಿ ಹಿತ್ತಿಲು. ವಾರಕ್ಕೊಂದು ಶಿಫ್ಟು ಬದಲಾಗುತ್ತಿತ್ತು. ನೈಟ್ ಶಿಫ್ಟಿನ ವಾರ ಅವರು ಬೆಳಿಗ್ಗೆ ಏಳಕ್ಕೆ ಬಂದು, ಉಂಡು, ಕಿಟಕಿಗೆ ನನ್ನ ಹಳೇ ಸೀರೆ ಕಟ್ಟಿ ಮಲಗಿದರೆ ಮಧ್ಯಾಹ್ನ ಮೂರರವರೆಗೆ ಸದ್ದಾಗಕೂಡದು. ರುಬ್ಬುವ ಹಾಗಿಲ್ಲ, ಪಾತ್ರೆ ಉಜ್ಜುವ ಹಾಗಿಲ್ಲ, ಒಗ್ಗರಣೆ ಚಟಪಟ ಎನ್ನುವ ಹಾಗಿಲ್ಲ. ಸೀನು ಬಂದರೆ ಹಿತ್ತಿಲಿಗೆ ಓಡಬೇಕು. ಮಗಳು ಸ್ಕೂಲಿಗೆ ಹೋದ ಮೇಲೆ ನಾನು ಬಾಗಿಲು ಮುಂದೆ ಎಳೆದುಕೊಂಡು ಹೊರಗೆ ಬಂದುಬಿಡುತ್ತಿದ್ದೆ.

ನಮ್ಮ ಸಾಲಿನ ಹೆಂಗಸರದೆಲ್ಲ ಇದೇ ಪಾಡು. ಆದರೆ ಅವರು ಮೆಟ್ಟಿಲ ಮೇಲೆ ಒಟ್ಟಿಗೆ ಕೂತು ಸ್ವೆಟರ್ ಹೆಣೆಯುತ್ತಾ, ವಾರಪತ್ರಿಕೆಯ ಧಾರಾವಾಹಿಯಲ್ಲಿ ಮುಂದೇನಾಗುತ್ತದೆ ಎಂದು ಪಿಸುಗುಟ್ಟುತ್ತಿದ್ದರು. ನಾನು ನೆಲಮಂಗಲದಾಚೆಯ ಹಳ್ಳಿಯವಳು, ಓದಿದ್ದು ಮೂರನೇ ಕ್ಲಾಸು. ಸ್ವೆಟರೂ ಬಾರದು, ಧಾರಾವಾಹಿಯೂ ಗೊತ್ತಿಲ್ಲ. ಅವರು ಕೆಟ್ಟವರಲ್ಲ. ನಾನು ಹೋದರೆ ಸರಿದು ಜಾಗ ಬಿಡುತ್ತಿದ್ದರು. ಜಾಗ ಬಿಡುತ್ತಿದ್ದರು, ಮಾತು ನಿಲ್ಲಿಸುತ್ತಿದ್ದರು. ನಾಲ್ಕು ಸಲ ಹೋದೆ, ಐದನೇ ಸಲ ಹೋಗಲಿಲ್ಲ. ಸುಮ್ಮನೆ ನಡೆಯುವುದಕ್ಕೆ ಶುರು ಮಾಡಿದೆ.

ಕ್ವಾರ್ಟರ್ಸಿನ ಕೊನೆಗೆ, ನೀಲಗಿರಿ ಮರಗಳ ಪಕ್ಕ, ನೀರಿನ ಟ್ಯಾಂಕು ಇತ್ತು. ಒಂಟಿ ಕಾಲಿನ ಮೇಲೆ ನಿಂತ ದೊಡ್ಡ ಗುಂಡು, ಮೈಗೆಲ್ಲ ಬಿಳಿ ಬಣ್ಣ. ಒಂದು ದಿನ, ಹುಣ್ಣಿಮೆ ಕಳೆದು ಐದನೆಯ ದಿನವಿರಬೇಕು, ಏಳೂವರೆಯ ಹೊತ್ತಿಗೆ ಅದರ ಹತ್ತಿರ ನಿಂತು ತಲೆ ಎತ್ತಿದೆ. ಟ್ಯಾಂಕಿನ ಪಕ್ಕಕ್ಕೇ, ಪಡುವಣದಲ್ಲಿ, ಚಂದ್ರ ಇದ್ದ. ಹಗಲು ಚಂದ್ರ, ಸುಣ್ಣದ ಬಣ್ಣ. ಟ್ಯಾಂಕಿನ ತಳ ನೆರಳಿನಲ್ಲಿ ಮಾಸಿತ್ತು. ಚಂದ್ರನ ತಳವೂ ಅಷ್ಟೇ ಮಾಸಿ ಹೋಗಿತ್ತು. ಅದೇ ಕಡೆ, ಅದೇ ಅಳತೆ. ಒಂದೇ ಅಚ್ಚಿನಲ್ಲಿ ಹೊಯ್ದ ಎರಡು ಗುಂಡು ಪಕ್ಕಪಕ್ಕ ಇಟ್ಟ ಹಾಗೆ. ನನ್ನ ಬೆನ್ನಿಗೆ ಎಳೇ ಬಿಸಿಲು ಬೀಳುತ್ತಿತ್ತು. ನನ್ನ ಬೆನ್ನಿನ ಮೇಲೆ ಬಿದ್ದ ಬಿಸಿಲೇ ಟ್ಯಾಂಕಿನ ಮೇಲೆ, ಅದೇ ಬಿಸಿಲೇ ಚಂದ್ರನ ಮೇಲೆ. ಚಂದ್ರನಲ್ಲಿ ದೀಪವಿಲ್ಲ, ಎಣ್ಣೆಯಿಲ್ಲ. ಬಿಸಿಲು ಬಿದ್ದ ಗೋಡೆ ಹೇಗೆ ಬೆಳ್ಳಗೆ ಹೊಳೆಯುತ್ತದೋ ಅವನೂ ಹಾಗೆ ಹೊಳೆಯುತ್ತಾನೆ, ಅಷ್ಟೇ.

ಮಾಡಲು ಬೇರೆ ಕೆಲಸವಿರಲಿಲ್ಲ, ಟ್ಯಾಂಕಿನ ಸುತ್ತ ನಡೆದೆ. ಸ್ವಲ್ಪ ಪಕ್ಕಕ್ಕೆ ಹೋದೆ, ಬೆಳಕಿನ ಪಾಲು ಕಡಿಮೆಯಾಯಿತು. ಇನ್ನೂ ಸುತ್ತಿದೆ, ಅರ್ಧ ಬೆಳಕು ಅರ್ಧ ಕತ್ತಲೆ. ಪಡುವಣದ ಕಡೆಗೆ ಬಂದು ಸೂರ್ಯನಿಗೆ ಮುಖ ಮಾಡಿದಾಗ ಅಂಚಿನಲ್ಲಿ ಒಂದು ಗೆರೆ ಮಾತ್ರ ಉಳಿಯಿತು. ಟ್ಯಾಂಕು ಸವೆದಿರಲಿಲ್ಲ. ಅದರ ಅರ್ಧ ಮೈ ಯಾವಾಗಲೂ ಬಿಸಿಲಲ್ಲೇ ಇತ್ತು. ನಾನು ನಿಂತ ಜಾಗ ಬದಲಾದಂತೆ ಆ ಬಿಸಿಲಿನ ಪಾಲು ನನಗೆ ಕಾಣುವುದು ಬದಲಾಯಿತು. ನಾನು ಟ್ಯಾಂಕನ್ನು ಸುತ್ತಿದೆ, ಚಂದ್ರ ನಮ್ಮನ್ನು ಸುತ್ತುತ್ತಾನೆ. ವ್ಯವಹಾರ ಒಂದೇ.

ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ವಾಪಸು ಬರುವಾಗ ಮೆಟ್ಟಿಲ ಮೇಲಿದ್ದ ಪಕ್ಕದ ಮನೆಯಾಕೆಗೆ, "ಅಕ್ಕಾ, ಟ್ಯಾಂಕು ನೋಡಿದ್ರಾ?" ಎಂದೆ.

"ಯಾಕ್ರೀ, ಇವತ್ತು ನೀರು ಬಿಡಲ್ವಂತಾ?" ಎಂದು ಆಕೆ ಗಾಬರಿಯಿಂದ ಬಕೆಟ್ಟು ಹುಡುಕಿಕೊಂಡು ಎದ್ದರು.

ಅಲ್ಲಿಗೆ ಅದು ಮುಗಿಯಿತು.

ಮನೆಯಲ್ಲಿ ಹೇಳಬಹುದಿತ್ತು. ಆದರೆ ಚಂದ್ರನ ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಹೋಗಿ ಎರಡು ವರ್ಷವಾಗಿತ್ತು. ಮಗಳು ಚಿಕ್ಕವಳಿದ್ದಾಗ ಚಂದ್ರ ಯಾಕೆ ಸಣ್ಣಗಾಗ್ತಾನೆ ಎಂದು ಕೇಳಿದ್ದಳು. ಗಣಪತಿಯನ್ನು ನೋಡಿ ನಕ್ಕಿದ್ದಕ್ಕೆ ಶಾಪ ತಟ್ಟಿತು ಎಂದು ನಮ್ಮವ್ವ ಹೇಳಿದ್ದನ್ನು ನಾನೂ ಹೇಳಿದ್ದೆ. ಅವಳು ಅದನ್ನು ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದಳು. ಮೇಷ್ಟರು ನಕ್ಕರು, ಕ್ಲಾಸೆಲ್ಲ ನಕ್ಕಿತು. ಅಂದಿನಿಂದ ಪಾಠದ ವಿಷಯಕ್ಕೆ ಅವಳು ನನ್ನ ಹತ್ತಿರ ಬರುತ್ತಿರಲಿಲ್ಲ. ಬಾಯಿಪಾಠ ಒಪ್ಪಿಸುವಾಗಲೂ ಅಪ್ಪ ಏಳುವವರೆಗೆ ಕಾಯುತ್ತಿದ್ದಳು. ನನ್ನ ಹತ್ತಿರ ಜಡೆಗೆ ಬರುತ್ತಿದ್ದಳು, ಊಟಕ್ಕೆ ಬರುತ್ತಿದ್ದಳು.

ಅವಳು ಆರನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿನಲ್ಲಿ ವಿಜ್ಞಾನದ ವಸ್ತುಪ್ರದರ್ಶನ ಇಟ್ಟರು. ಚಂದ್ರನ ಮಾಡಲ್ ಮಾಡುತ್ತೇನೆಂದು ಹೆಸರು ಕೊಟ್ಟು ಬಂದಳು. ಅಪ್ಪ ಮಗಳು ಒಂದು ತಿಂಗಳು ಅದರಲ್ಲೇ ಮುಳುಗಿದರು. ಹಲಗೆಯ ಒಂದು ತುದಿಗೆ ಸೂರ್ಯನೆಂದು ಬಲ್ಬು, ನಡುವೆ ಭೂಮಿಯೆಂದು ಮರದ ಗುಂಡು, ಭೂಮಿಯ ಬುಡದಿಂದ ಚಾಚಿದ ಕಂಬಿಯ ತುದಿಗೆ ಚಂದ್ರನೆಂದು ಅಲ್ಯೂಮಿನಿಯಂ ಗುಂಡು. ಕೈಹಿಡಿ ತಿರುಗಿಸಿದರೆ ಚಂದ್ರ ಭೂಮಿಯನ್ನು ಸುತ್ತಬೇಕು. ಸುತ್ತಲೂ ಅಮಾವಾಸ್ಯೆ, ಅಷ್ಟಮಿ, ಹುಣ್ಣಿಮೆ ಎಂದು ಪಾಠದ ಪುಸ್ತಕ ನೋಡಿ ಚೀಟಿ ಅಂಟಿಸಿದ್ದರು. ನಾನು ಗೋಂದು ಕಾಯಿಸಿಕೊಟ್ಟೆ. ಅದು ನನ್ನ ಪಾಲಿನ ಕೆಲಸ.

ಮುಗಿದ ದಿನ ಸಂಜೆ ರೂಮಿನ ದೀಪ ಆರಿಸಿ ಬಲ್ಬು ಹತ್ತಿಸಿದರು. ನನ್ನ ಗಂಡನ ಮುಖ ನೋಡಬೇಕಿತ್ತು.

"ನೋಡು ಪುಟ್ಟೀ, ಬಲ್ಬು, ಭೂಮಿ, ಚಂದ್ರ, ಮೂರರ ಸೆಂಟರ್ರೂ ಒಂದೇ ಹೈಟು. ಗೇಜ್ ಇಟ್ಟು ನೋಡಿದೀನಿ. ಕೂದಲೆಳೆಯಷ್ಟು ಹೆಚ್ಚೂಕಮ್ಮಿ ಇಲ್ಲ."

"ಸಕ್ಕತ್ತಾಗಿದೆ ಅಪ್ಪಾ!"

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಚಂದ್ರ ಒಂದು ಸುತ್ತು ಬಂತು, ಎರಡು ಸುತ್ತು ಬಂತು.

"ಅಲ್ರೀ, ನಿಮ್ ಹುಣ್ಣಿಮೆ ಕತ್ತಲಾಯ್ತದಲ್ಲ," ಎಂದೆ.

"ಏನೇ?"

"ಹುಣ್ಣಿಮೆ ಅಂತ ಚೀಟಿ ಅಂಟ್ಸಿದೀರಲ್ಲ, ಆ ಜಾಗಕ್ಕೆ ಬಂದಾಗ್ಲೇ ಗುಂಡು ಕಪ್ಪಾಯ್ತದೆ. ಬಲ್ಬಿಗೂ ಅದಕ್ಕೂ ಮಧ್ಯೆ ಭೂಮಿ ಅಡ್ಡ ಬತ್ತದೆ. ಹುಣ್ಣಿಮೆ ದಿವ್ಸ ಯಾರ್ ಮನೇಲಿ ಕತ್ತಲಿರ್ತದೆ?"

ಅವರು ಇನ್ನೊಮ್ಮೆ ತಿರುಗಿಸಿದರು. ಕಪ್ಪಾಯಿತು. ಅವರಿಗೂ ಕಾಣಿಸಿತು, ನನಗೆ ಗೊತ್ತು. "ಅದು ಮಾಡಲ್ ಕಣೇ. ಮಾಡಲ್ ಅಂದ್ಮೇಲೆ ಅಷ್ಟಿಷ್ಟು ಇರುತ್ತೆ," ಎಂದರು.

ಮಗಳು ಸೊಂಟದ ಮೇಲೆ ಕೈ ಇಟ್ಟಳು. "ಭೂಮಿ ನೆರಳು ಬಿದ್ದು ತಾನೇ ಅಮ್ಮಾ ಚಂದ್ರ ಸಣ್ಣಗಾಗೋದು? ಅಪ್ಪ ಹೇಳಿಕೊಟ್ರಲ್ಲ."

"ಅಂಗಲ್ಲ ಕಣೇ. ಬೆಳಿಗ್ಗೆ ನೋಡು, ಸೂರ್ಯನೂ ಇರ್ತಾನೆ, ಸವೆದಿರೋ ಚಂದ್ರನೂ ಇರ್ತಾನೆ, ಇಬ್ರೂ ಎದುರಿಗೇ ಇರ್ತಾರೆ. ಭೂಮಿ ನಮ್ ಕಾಲ್ ಕೆಳಗೈತೆ. ಅದೆಲ್ಲಿಂದ ಹೋಗಿ ನೆರಳು ಹಾಕ್ತದೆ? ನೆರಳು ಬೀಳೋದು ಗ್ರಹಣದ ದಿವ್ಸ ಮಾತ್ರ. ಉಳಿದ ಹುಣ್ಣಿಮೇಲಿ ಆ ನೆರಳು ತಪ್ಪಿಸ್ಕೊಂಡು ಮೇಲಕ್ಕೋ ಕೆಳಕ್ಕೋ ಹೋಗ್ತಾನೆ. ಆ ಕಂಬಿ ಸ್ವಲ್ಪ ಮೇಲೆತ್ತಿ..."

"ಆಮೇಲೆ ಗಣಪತಿ ಶಾಪ ಕೊಡ್ತಾನಾ?" ಎಂದಳು ಮಗಳು.

ಇಬ್ಬರೂ ನಕ್ಕರು. ಅವಳು ನನ್ನನ್ನು ನೋಡಿ ನಗಲಿಲ್ಲ, ಅಪ್ಪನ ಕಡೆ ತಿರುಗಿ ನಕ್ಕಳು. ಅವರು ಅವಳ ತಲೆ ಸವರಿ, "ಹುಣ್ಣಿಮೆ ಹತ್ರ ಬಂದಾಗ ಬೇಗ ತಿರುಗಿಸಿಬಿಡು, ಯಾರಿಗೂ ಗೊತ್ತಾಗಲ್ಲ," ಎಂದರು. ನಾನು ಒಳಗೆ ಹೋಗಿ ಹಿಟ್ಟಿಗೆ ಎಸರಿಟ್ಟೆ.

ಪ್ರದರ್ಶನ ಶನಿವಾರ. ಅದು ನೈಟ್ ಶಿಫ್ಟಿನ ವಾರ. ಮಾಡಲ್ಲನ್ನು ಗುರುವಾರವೇ ಹಳೇ ಪಂಚೆಯಲ್ಲಿ ಸುತ್ತಿ ಗೋಡೆಗೆ ಒರಗಿಸಿದ್ದರು. ಶುಕ್ರವಾರ ಮಧ್ಯಾಹ್ನ ಮಗಳು ಸ್ಕೂಲಿನಲ್ಲಿ, ಅವರು ನಿದ್ದೆಯಲ್ಲಿ. ನಾನು ಪಂಚೆ ಬಿಚ್ಚಿ, ಹಲಗೆಯನ್ನು ಹಿತ್ತಿಲಿಗೆ ಒಯ್ದು, ಕಂಬಿಯನ್ನು ಬಗ್ಗಿಸಿದೆ. ಕೋಪವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬರೀ ಕೋಪವಾಗಿದ್ದರೆ ಮುರಿದೇ ಹಾಕುತ್ತಿದ್ದೆ, ಎರಡೆರಡು ಸಲ ಅಳತೆ ನೋಡುತ್ತಿರಲಿಲ್ಲ. ಆಮೇಲೆ ಅಡುಗೆಮನೆಗೆ ತಂದು, ಬಾಗಿಲು ಕಿಟಕಿ ಹಾಕಿ, ಬಲ್ಬು ಹತ್ತಿಸಿ, ಮರದ ಭೂಮಿಯ ಪಕ್ಕ ಕಣ್ಣಿಟ್ಟು ತಿರುಗಿಸಿದೆ. ಗೆರೆ, ಅರ್ಧ, ಮುಕ್ಕಾಲು. ಹುಣ್ಣಿಮೆಯ ಚೀಟಿಯ ಹತ್ತಿರ ಬಂದಾಗ ಭೂಮಿಯ ನೆರಳು ಕೆಳಗೆ ಹಾದುಹೋಯಿತು. ಗುಂಡು ಪೂರ್ತಿ ಬೆಳಗಿತು.

ಬೇಳೆ ಡಬ್ಬಿ, ಸೀಮೆಎಣ್ಣೆ ಸ್ಟವ್ವು, ನಾನು. ಅಷ್ಟೇ ನೋಡಿದ್ದು. ಗೋಡೆಯಾಚೆ ಅವರು ಗೊರಕೆ ಹೊಡೆಯುತ್ತಿದ್ದರು. ಮೊದಲಿದ್ದ ಹಾಗೆಯೇ ಸುತ್ತಿಟ್ಟೆ.

ಮಾರನೆಯ ದಿನ ಅವರು ಶಿಫ್ಟು ಮುಗಿಸಿ ಬಂದು, ಕಣ್ಣು ಉರಿಯುತ್ತಿದ್ದರೂ ಮಲಗದೆ, ಮಾಡಲ್ಲನ್ನು ಸೈಕಲ್ ಕ್ಯಾರಿಯರ್ರಿಗೆ ಕಟ್ಟಿ ತಳ್ಳಿಕೊಂಡು ಹೊರಟರು. ಮಗಳು ಒಂದು ಪಕ್ಕ ಹಿಡಿದುಕೊಂಡಿದ್ದಳು. ನಾನು ಹಿಂದೆ. ಸ್ಕೂಲಿನ ತಿರುವಿನಲ್ಲಿ ಸೈಕಲ್ಲಿನ ಚಕ್ರ ಒಂದು ಹಳ್ಳಕ್ಕೆ ಇಳಿದದ್ದು ನಿಜ. ಮಾಡಲ್ಲು ಒಮ್ಮೆ ಕುಲುಕಿತು. ಸ್ಕೂಲಿನ ಹಾಲಿನಲ್ಲಿ ಮಾಡಲ್ಲಿಗೆ ಸುತ್ತಿದ್ದ ಪಂಚೆ ಬಿಚ್ಚಿದ ಮೇಲೆ ಅವರ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಹಾಳಾದ್ ಹಳ್ಳ! ಕಂಬಿ ಬಗ್ಗೋಯ್ತಲ್ಲಾ!" ಎಂದು ಬೆರಳಲ್ಲಿ ನೆಟ್ಟಗೆ ಮಾಡಲು ಹೋದರು.

"ಮುಟ್ಬೇಡಿ," ಎಂದೆ.

"ಸುಮ್ನಿರೇ ನೀನು."

ಅಷ್ಟರಲ್ಲಿ ತೀರ್ಪುಗಾರರು ಬಂದರು. ಬಿಳಿ ಕೂದಲಿನ ಯಜಮಾನರು, ಬೇರೆ ಊರಿನ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರಂತೆ. ನನ್ನ ಗಂಡ ಕೈ ಹಿಂದೆ ಕಟ್ಟಿಕೊಂಡು ಸರಿದು ನಿಂತರು. ಮಗಳು ಬಾಯಿಪಾಠ ಒಪ್ಪಿಸುತ್ತಾ ತಿರುಗಿಸತೊಡಗಿದಳು, ಹುಣ್ಣಿಮೆ ಹತ್ತಿರ ಬಂದಾಗ ಹೇಳಿಕೊಟ್ಟಿದ್ದಂತೆ ಸರ್ರನೆ ತಿರುಗಿಸಿದಳು.

"ತಡಿಯಮ್ಮ, ವಾಪಸ್ ತಾ," ಎಂದರು ತೀರ್ಪುಗಾರರು. ಚೀಟಿಯ ನೇರಕ್ಕೆ ತಂದು ನಿಲ್ಲಿಸಿ, ಬಗ್ಗಿ ನೋಡಿದರು. "ಈ ಹಾಲಲ್ಲಿ ಇನ್ನೂ ಎರಡು ಚಂದ್ರ ನೋಡಿ ಬಂದೆ. ಎರಡೂ ಹುಣ್ಣಿಮೆ ದಿನ ಕಪ್ಪಾಗ್ತವೆ. ನಿಂದು ಆಗಿಲ್ಲ. ಈ ಕಂಬೀನ ಮೇಲಕ್ಕೆ ಎತ್ತಿದ್ದು ಯಾಕೆ?"

ಮಗಳು ಅಪ್ಪನನ್ನು ನೋಡಿದಳು. ಅವರು ನೆಲ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದಳು. ನಾನು ಬಾಯಿ ತೆರೆದೆ. ನಾನು ಬಾಯಿ ತೆರೆದದ್ದನ್ನು ಅವಳು ಕಂಡಳು, ಅಲ್ಲಿ ನಿಂತಿದ್ದ ತನ್ನ ಕ್ಲಾಸಿನ ಹುಡುಗಿಯರನ್ನೂ ಕಂಡಳು. ಗಡಬಡಿಸಿ, "ತರುವಾಗ ಬಗ್ಗೋಯ್ತು ಸಾರ್," ಎಂದುಬಿಟ್ಟಳು.

ತೀರ್ಪುಗಾರರು ಜೋರಾಗಿ ನಕ್ಕರು. "ಬಗ್ಗಿದ್ದೇ ಒಳ್ಳೇದಾಯ್ತು ಬಿಡು," ಎಂದು, ಚಂದ್ರನ ದಾರಿ ಸ್ವಲ್ಪ ಓರೆ, ಅದಕ್ಕೇ ತಿಂಗಳು ತಿಂಗಳೂ ಗ್ರಹಣವಾಗುವುದಿಲ್ಲ ಎಂದು ಅರ್ಧ ಇಂಗ್ಲಿಷಿನಲ್ಲಿ ಹೇಳಿದರು. ಮಗಳು ತಲೆಯಾಡಿಸಿದಳು. ಒಂದಕ್ಷರ ಒಳಗೆ ಹೋಗಿರಲಿಲ್ಲ, ಕಣ್ಣು ನೋಡಿದರೆ ತಿಳಿಯುತ್ತಿತ್ತು. ಮಧ್ಯಾಹ್ನ ಎರಡನೇ ಬಹುಮಾನವೆಂದು ಹೆಸರು ಕೂಗಿದರು. ಭಾನುವಾರ ಊರ ಜನರಿಗೆಲ್ಲ ತೋರಿಸುತ್ತೇವೆ, ಬಹುಮಾನ ಬಂದವರು ಹನ್ನೆರಡು ಗಂಟೆಯವರೆಗೆ ತಮ್ಮ ತಮ್ಮ ಮಾಡಲ್ಲಿನ ಹತ್ತಿರ ನಿಂತು ವಿವರಿಸಬೇಕು ಎಂದೂ ಹೇಳಿದರು.

ದಾರಿಯುದ್ದಕ್ಕೂ ಅಪ್ಪ ಮಗಳು ಆ ಹಳ್ಳವನ್ನು ಹೊಗಳುತ್ತಾ ನಡೆದರು. ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ನಾನು ಹೇಳಿದೆ. "ಹಳ್ಳಕ್ಕೆ ಬಿದ್ದು ಬಗ್ಗಿದ್ದಲ್ಲ. ನಿನ್ನೆ ಮಧ್ಯಾಹ್ನ ನಾನೇ ಬಗ್ಗಿಸ್ದೆ."

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ನಿದ್ದೆಗೆಟ್ಟ ಕಣ್ಣಿನಲ್ಲಿ ಒಮ್ಮೆ ನೋಡಿ, "ಬಹುಮಾನ ಬಂದ್ಮೇಲೆ ಎಲ್ರೂ ನಾನೇ ಅಂತಾರೆ ಬಿಡು. ಅನ್ನ ಹಾಕು," ಎಂದರು.

"ಮುಂದಿನ ವಾರ ಹೇಳಿದ್ನಲ್ಲ, ಕಂಬಿ ಎತ್ತಿ ಅಂತ..." ಅವಸರಕ್ಕೆ ನನ್ನ ಮಾತು ತೊದಲಿ, ಹಿಂದಿನ ವಾರ ಎನ್ನುವುದು ಮುಂದಿನ ವಾರವಾಯಿತು.

"ನೋಡಿದ್ಯಾ ಅಮ್ಮಾ," ಎಂದಳು ಮಗಳು. ಅಷ್ಟೇ ಎಂದಳು. ಅನ್ನ ಹಾಕಿದೆ. ಅವರು ಉಂಡು ಮಲಗಿದರು. ನಾನು ಬಾಗಿಲು ಮುಂದೆ ಎಳೆದುಕೊಂಡು ಮೆಟ್ಟಿಲ ಮೇಲೆ ಕೂತೆ. ಹಳ್ಳಿ ಬಿಟ್ಟು ಬಂದು ಹದಿಮೂರು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವತ್ತಿನಷ್ಟು ಒಬ್ಬಳೇ ಎನ್ನಿಸಿದ್ದು ಇನ್ನೊಂದು ದಿನವಿಲ್ಲ. ಹೊಡೆಸಿಕೊಂಡಿದ್ದರೆ ಯಾರಿಗಾದರೂ ಹೇಳಿಕೊಳ್ಳಬಹುದಿತ್ತು. ಇದನ್ನು ಯಾರ ಹತ್ತಿರ ಏನೆಂದು ಹೇಳುವುದು?

ಭಾನುವಾರ ಬೆಳಿಗ್ಗೆ ಅವರು ಶಿಫ್ಟಿನಿಂದ ಬಂದು ಮಲಗಿದರು. ಜಡೆ ಹಾಕಲು ಮಗಳನ್ನು ಕರೆದರೆ ಅವಳು ಹೊದಿಕೆಯಿಂದ ಹೊರಗೆ ಬರಲಿಲ್ಲ.

"ಹೊಟ್ಟೆ ನೋಯ್ತಿದೆ. ನಾನು ಹೋಗಲ್ಲ," ಎಂದು ಪಿಸುಗುಟ್ಟಿದಳು.

"ನಿನ್ನೆ ಇರ್ಲಿಲ್ಲ ನೋವು."

ಹೊದಿಕೆಯಿಂದ ಮುಖ ಮಾತ್ರ ಹೊರಗೆ ಹಾಕಿದಳು. "ಕಂಬಿ ಯಾಕೆ ಮೇಲಿದೆ ಅಂತ ಇವತ್ತೂ ಕೇಳ್ತಾರೆ. ಹಳ್ಳಕ್ಕೆ ಬಿತ್ತು ಅಂತ ಎಲ್ಲರಿಗೂ ಹೇಳಕ್ಕಾಗುತ್ತಾ? ಎಲ್ಲಾ ನಗ್ತಾರೆ."

ಅವಳ ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಕೇಳಿದ್ದರೆ ಹೇಳಿಕೊಡುತ್ತಿದ್ದೆ. ಅವಳು ಕೇಳಲಿಲ್ಲ, ಗೋಡೆಯ ಕಡೆ ಹೊರಳಿದಳು. ನಾನು ತೊಳೆದ ಸೀರೆ ಉಟ್ಟೆ, ಅವಳ ತಿಂಡಿ ಮುಚ್ಚಿಟ್ಟೆ, ಸ್ಕೂಲಿಗೆ ಹೊರಟೆ.

ಹಾಲಿನ ಬಾಗಿಲಲ್ಲಿ ಜವಾನ ತಡೆದ. "ನೀವ್ಯಾರಮ್ಮ? ಇನ್ನೂ ಟೈಮಾಗಿಲ್ಲ."

"ಚಂದ್ರನ ಕಡೆಯೋಳು," ಎಂದೆ. ಮದುವೆ ಮನೆಯಲ್ಲಿ ಗಂಡಿನ ಕಡೆ, ಹೆಣ್ಣಿನ ಕಡೆ ಎನ್ನುವ ಹಾಗೆ ಬಂತು ಬಾಯಿಗೆ. ಅವನು ನಕ್ಕು ಒಳಗೆ ಬಿಟ್ಟ.

ಹತ್ತು ಗಂಟೆಗೆ ಜನ ಬರತೊಡಗಿದರು. ಮಾಡಲ್ಲಿನ ಹಿಂದೆ ಮಗುವಿಲ್ಲದೆ ಒಬ್ಬ ಹೆಂಗಸು ನಿಂತಿದ್ದನ್ನು ಕಂಡು ಕೆಲವರು ಮುಂದಕ್ಕೆ ಹೋದರು. ಕೊನೆಗೆ ಒಬ್ಬಾಕೆ ನಿಂತರು. ಪೀಣ್ಯದಿಂದ ನಡೆದೇ ಬಂದಿದ್ದರು, ಅಲ್ಲೊಂದು ಶೆಡ್ಡಿನಲ್ಲಿ ಬೋಲ್ಟು ಎಣಿಸಿ ಕಟ್ಟುವ ಕೆಲಸವಂತೆ, ಕೈಯ ಗೆರೆಗಳಲ್ಲಿ ಗ್ರೀಸಿನ ಕಪ್ಪು ಹಾಗೇ ಇತ್ತು.

"ಇದೇನಕ್ಕಾ?"

"ಚಂದ್ರ. ಯಾಕೆ ಹೊಳೀತಾನೆ, ಯಾಕೆ ಸಣ್ಣ ದೊಡ್ಡ ಕಾಣ್ತಾನೆ ಅಂತ ತೋರ್ಸೋದು."

ಆಕೆ ಸುತ್ತ ಒಮ್ಮೆ ನೋಡಿ, ಬೆರಳು ತೋರಿಸಿದರು. "ಈ ಕಂಬಿ ಯಾಕೆ ಸೊಟ್ಟಗೈತೆ?"

"ಸೊಟ್ಟಗಿಲ್ಲ," ಎಂದೆ. "ಬೇಕು ಅಂತ್ಲೇ ನಾನು ಬಗ್ಗಿಸಿರೋದು. ಬನ್ನಿ ಇಲ್ಲಿ, ಈ ಭೂಮಿ ಪಕ್ಕ ಕಣ್ಣಿಡಿ."

ಆಕೆ ಸೆರಗು ಸಿಕ್ಕಿಸಿಕೊಂಡು ಕೂತು ಕಣ್ಣಿಟ್ಟರು. ನಾನು ಸ್ವಿಚ್ ಹಾಕಿ, ಕೈಹಿಡಿಯನ್ನು ನಿಧಾನವಾಗಿ, ಎಲ್ಲೂ ಅವಸರ ಮಾಡದೆ, ತಿರುಗಿಸಿದೆ.